ತೋಳಪ್ಪನಿಗೆ ಗೊತ್ತಿದ್ದ ‘ಸಾಕು’

ಆ ಪ್ರಯೋಗಾಲಯದಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಉಳಿದಿರಲಿಲ್ಲ. ರೋಬಾಟಿಕ್ಸ್ ಸ್ನಾತಕೋತ್ತರ ತರಗತಿಗೆ ಸೇರಿ ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ, ಯಾರು ಏನು ಕಟ್ಟುತ್ತಾರೋ ಅದೇ ಅವರ ಹೆಸರಾಗಿಬಿಡುತ್ತಿತ್ತು. ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಓಡಾಡುವ ಬಂಡಿ ಮಾಡುತ್ತಿದ್ದವನು ಗಾಲಿ. ನೀರಿನ ಪೈಪಿನೊಳಗೆ ಈಜಿ ಸೋರಿಕೆ ಹುಡುಕುವ ಯಂತ್ರದ ಹಿಂದೆ ಬಿದ್ದಿದ್ದವಳು ಮೀನು. ಆಸ್ಪತ್ರೆಯ ರೋಗಿಗಳಿಗೆ ಊಟ ಬಡಿಸುವ ಯಂತ್ರದ ತೋಳು ಕಟ್ಟುತ್ತಿದ್ದ ನಮ್ಮ ಹುಡುಗಿ ಸೌಟು. ಮೊದಮೊದಲು ಅವಳು ಮುಖ ಊದಿಸಿಕೊಂಡದ್ದುಂಟು. ಆದರೆ ನಾಯಿಯ ಹಾಗೆ ನಡೆಯುವ ಯಂತ್ರ ಮಾಡಿ ಹೋದ ಹಿರಿಯ ವಿದ್ಯಾರ್ಥಿಯನ್ನು ಎರಡು ವರ್ಷ ಎಲ್ಲರೂ ಏನೆಂದು ಕೂಗುತ್ತಿದ್ದರು ಎಂದು ತಿಳಿದ ಮೇಲೆ, ಸೌಟು ಬಹಳ ಮರ್ಯಾದಸ್ಥ ಹೆಸರು ಅನ್ನಿಸಿತು.

ಅವಳ ಯಂತ್ರಕ್ಕೂ ಒಂದು ಹೆಸರಿತ್ತು, ತೋಳಪ್ಪ. ಮೇಜಿಗೆ ಬಿಗಿದ ಒಂದು ಕಂಬ, ಅದಕ್ಕೆ ಭುಜ, ಮೊಣಕೈ, ಮಣಿಕಟ್ಟು, ತುದಿಯಲ್ಲಿ ಒಂದು ಸೌಟು. ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಮೈಕು. ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಮಾಡಬಹುದಿತ್ತು. ಸೌಟುವಿನ ಹೆಗ್ಗಳಿಕೆ ಇದ್ದದ್ದು ತೋಳಪ್ಪ ಕಲಿತ ರೀತಿಯಲ್ಲಿ. ಅವಳು ಅದಕ್ಕೆ ‘ಹೀಗೆ ಮಾಡು, ಹಾಗೆ ಮಾಡು’ ಎಂದು ಏನನ್ನೂ ಬರೆದುಕೊಟ್ಟಿರಲಿಲ್ಲ. ಅದು ನೋಡಿ ಕಲಿತಿತ್ತು. ನೋಡಿದ್ದು ಅವಳ ದೊಡ್ಡಮ್ಮನನ್ನು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಸೌಟು ಓದಲು ಬಂದಾಗಿನಿಂದ ಅವರ ಮನೆಯಲ್ಲೇ ಇದ್ದಳು. ದೊಡ್ಡಮ್ಮ ಬಡಿಸಿದರೆ ನೀರೂ ರುಚಿ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಆ ಕೈಗುಣವನ್ನೇ ಯಂತ್ರಕ್ಕೆ ಇಳಿಸುತ್ತೇನೆ ಎಂದು ಹೊರಟಳು ಹುಡುಗಿ. ತಂತಿ ಸುತ್ತಿದ ಕೈಗವಸೊಂದನ್ನು ದೊಡ್ಡಮ್ಮನ ಬಲಗೈಗೆ ತೊಡಿಸಿದಳು, ಊಟದ ಮೇಜಿನ ಮೇಲೆ ಕ್ಯಾಮೆರಾ ತೂಗುಹಾಕಿದಳು. ತಿಂಗಳುಗಟ್ಟಲೆ ದೊಡ್ಡಪ್ಪ, ಇಬ್ಬರು ಅಣ್ಣಂದಿರು, ಬಂದುಹೋಗುವ ನೆಂಟರು ಎಲ್ಲರೂ ಆ ಕ್ಯಾಮೆರಾದ ಕೆಳಗೇ ಉಂಡರು. ದೊಡ್ಡಪ್ಪ ಮೊದಲ ವಾರ ಕೂದಲು ಬಾಚಿಕೊಂಡು ಊಟಕ್ಕೆ ಬರುತ್ತಿದ್ದರು. ದೊಡ್ಡಮ್ಮನದು ಒಂದೇ ತಕರಾರು.

“ಇದನ್ನ ಒಗೆಯೋದು ಹೇಗೆ? ತೊಳೀದೇ ಇರೋ ಕೈಲಿ ಬಡಿಸು ಅಂತೀಯಲ್ಲೇ!”

ಹೀಗೆ ತೋಳಪ್ಪ ಕಿವಿಗೆ ಬಿದ್ದ ಮಾತು, ಅದರ ಬೆನ್ನಿಗೇ ಕೈ ಮಾಡಿದ ಕೆಲಸ, ಎರಡನ್ನೂ ಜೋಡಿಸಿ ಕಲಿಯುತ್ತಾ ಹೋಯಿತು. ಯಾವ ಪದಕ್ಕೂ ಯಾರೂ ಅದಕ್ಕೆ ಅರ್ಥ ಹೇಳಿಕೊಡಲಿಲ್ಲ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಸೌಟು ಇದನ್ನೇ ಕೊಚ್ಚಿಕೊಂಡಿದ್ದಳು. ‘ಅರ್ಥ ಹೇಳಿಕೊಡದೆಯೇ ಅರ್ಥ ಕಲಿಯುವ ತೋಳು’ ಎಂದು ಶೀರ್ಷಿಕೆ ಕೊಟ್ಟು ಕೆಳಗೆ ಗೆರೆ ಬೇರೆ ಎಳೆದಿದ್ದಳು.

ಕೊಚ್ಚಿಕೊಳ್ಳುವ ಮುನ್ನ ಪರೀಕ್ಷಿಸಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ನೋಡಿದ್ದಳು. ಪ್ರತಿ ಶನಿವಾರ ಕ್ಯಾಂಟೀನಿನಿಂದ ಒಂದು ಪಾತ್ರೆ ಸೂಪು ತರಿಸಿ, ಹಾಸ್ಟೆಲಿನ ಹುಡುಗರನ್ನೆಲ್ಲ ಸರದಿಯಲ್ಲಿ ಕೂರಿಸಿ ಪರೀಕ್ಷಿಸಿದ್ದಳು. ತೋಳಪ್ಪ ಒಂದು ಹನಿ ಚೆಲ್ಲದೆ ಬಡಿಸಿತ್ತು. ‘ಹಾಕು’ ಅಂದರೆ ಹಾಕಿತ್ತು, ‘ಸ್ವಲ್ಪ’ ಅಂದರೆ ಸ್ವಲ್ಪ ಹಾಕಿತ್ತು, ‘ಇನ್ನೊಂಚೂರು’ ಅಂದರೆ ದೊಡ್ಡಮ್ಮನ ಹಾಗೆಯೇ ಧಾರಾಳವಾಗಿ ಹಾಕಿತ್ತು. ಎಡವಟ್ಟಾದದ್ದು ಇಲ್ಲೇ. ಹಾಸ್ಟೆಲಿನಲ್ಲಿದ್ದು ಓದುವ ಹುಡುಗರು ಪುಕ್ಕಟೆ ಸಿಕ್ಕ ಊಟದ ಮುಂದೆ ಕೂತು ‘ಸಾಕು’ ಅನ್ನುವ ಪದವನ್ನು ಹುಟ್ಟಿದಾಗಿನಿಂದ ಬಳಸಿದವರಲ್ಲ. ಪಾತ್ರೆ ಬರಿದಾದಾಗ ಪರೀಕ್ಷೆ ಮುಗಿಯುತ್ತಿತ್ತು. ಗಾಲಿಯಂತೂ ಪಾತ್ರೆಯನ್ನು ವಾಲಿಸಿ ತಳ ನೋಡಿದ ಮೇಲೆಯೇ ಏಳುತ್ತಿದ್ದ.

ಕೊನೆಯ ಮೌಲ್ಯಮಾಪನದ ದಿನ ಬಂತು. ಸೌಟು ಈಗಾಗಲೇ ಒಂದು ಸಲ ಗಡುವು ಮುಂದೂಡಿಸಿಕೊಂಡಿದ್ದಳು. ಅವಳ ಮಾರ್ಗದರ್ಶಕರಾದ ಮೇಷ್ಟ್ರು ಒಳ್ಳೆಯವರೇ, ಆದರೆ ಇಲಾಖೆಯವರು ಅವರ ಬೆವರಿಳಿಸಿದ್ದರು.

“ನೋಡಮ್ಮ, ಈ ಸಲ ಏನಾದ್ರೂ ಇದು ಕೈಕೊಟ್ರೆ, ತೋಳನ್ನ ಮುಂದಿನ ಬ್ಯಾಚಿಗೆ ಕೊಟ್ಟುಬಿಡಬೇಕಂತೆ. ನೀನು ಪುಸ್ತಕ ನೋಡ್ಕೊಂಡು ಒಂದು ಪ್ರಬಂಧ ಬರೆದು ಡಿಗ್ರಿ ತಗೊಂಡು ಹೋಗೋದು, ಅಷ್ಟೇ.”

ತೋಳಪ್ಪನ ಒಂದೊಂದು ತಿರುಪನ್ನೂ ಸೌಟು ತನ್ನ ಕೈಯಾರೆ ಬಿಗಿದಿದ್ದಳು. ಅದರ ಮೊಣಕೈ ಚಳಿಗೆ ಕಿರುಗುಟ್ಟಿದರೆ ತನ್ನ ಮೊಣಕೈಯನ್ನೇ ಸವರಿಕೊಳ್ಳುತ್ತಿದ್ದಳು. ಅದನ್ನು ಇನ್ನೊಬ್ಬರ ಮೇಜಿನ ಮೇಲೆ ನೋಡುವುದು ಅವಳಿಂದ ಸಾಧ್ಯವಿರಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರಿಗೂ ಒಂದು ಅಡ್ಡಹೆಸರಿತ್ತು, ‘ಮತ್ತೆ’. ನೀವು ಏನೇ ಹೇಳಿ, ಕನ್ನಡಕದ ಮೇಲಿನಿಂದ ನೋಡಿ “ಮತ್ತೆ?” ಅನ್ನುತ್ತಿದ್ದರು. ಆ ಒಂದು ಪದಕ್ಕೆ ಎಷ್ಟೋ ಜನ ತಾವು ಮಾಡದ ತಪ್ಪುಗಳನ್ನೂ ಒಪ್ಪಿಕೊಂಡಿದ್ದರು. ಕಡ್ಡಿಯಂತಹ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆನೆಬಣ್ಣದ ಟೈ. ಬಂದವರೇ ರೋಗಿಯ ಕುರ್ಚಿಯಲ್ಲಿ ತಾವೇ ಕೂತರು.

“ಹಾಕು,” ಎಂದರು.

ತೋಳಪ್ಪ ಪಾತ್ರೆಯೊಳಗೆ ಬಾಗಿ ಒಂದು ಸೌಟು ಸೂಪು ಎತ್ತಿ, ಅಂಚಿಗೆ ಒಮ್ಮೆ ತಾಗಿಸಿ ಹನಿ ಉದುರಿಸಿ, ಬಟ್ಟಲಿಗೆ ಸುರಿಯಿತು. ಆ ತಾಗಿಸುವಿಕೆ ಥೇಟ್ ದೊಡ್ಡಮ್ಮನದೇ. ಮೇಷ್ಟ್ರು ಹೆಮ್ಮೆಯಿಂದ ಕೆಮ್ಮಿದರು.

“ಸಾಕು,” ಎಂದರು ಪರೀಕ್ಷಕರು.

ತೋಳಪ್ಪ ಇನ್ನೊಂದು ಸೌಟು ಹಾಕಿತು.

“ಸಾಕು ಅಂದೆ.”

ಇನ್ನೊಂದು.

“ಅಯ್ಯೋ ಸಾಕಪ್ಪಾ, ಸಾಕು ಸಾಕು!”

ಮೂರು ಸೌಟು ಒಂದರ ಹಿಂದೊಂದು ಬಂದವು. ಬಟ್ಟಲು ತುಂಬಿ ತುಳುಕಿತು. ಪರೀಕ್ಷಕರು ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದರು. ತೋಳಪ್ಪ ತುಂಬಿದ ಸೌಟನ್ನು ಗಾಳಿಯಲ್ಲೇ ಹಿಡಿದು ತಾಳ್ಮೆಯಿಂದ ಕಾಯಿತು. ಕೈ ಬಿಸಿಯಾಗಿ ಅವರು ಹಿಂದಕ್ಕೆ ಎಳೆದುಕೊಂಡದ್ದೇ ತಡ, ಸಂದು ನೋಡಿ ಸುರಿಯಿತು. ಅವರು ಬಟ್ಟಲನ್ನೇ ಎತ್ತಿಕೊಂಡು ಕುರ್ಚಿಸಮೇತ ಹಿಂದೆ ಸರಿದರು. ತೋಳಪ್ಪ ಭುಜ ಚಾಚಿ ಹಿಂಬಾಲಿಸಿತು. ಪರೀಕ್ಷಕರು ಸೌಟುವಿನತ್ತ ತಿರುಗಿ, ಅಭ್ಯಾಸಬಲದಿಂದ, ಕಣ್ಣು ಕೆಂಪಗೆ ಮಾಡಿ ಕೇಳಿದರು:

“ಮತ್ತೆ?”

ಮತ್ತೆ ಎಂದರೆ ತೋಳಪ್ಪನಿಗೆ ಮತ್ತೆಯೇ. ಮತ್ತೆ ಹಾಕಿತು.

ಮೇಷ್ಟ್ರು ಓಡಿಬಂದು ಕೆಂಪು ಗುಂಡಿ ಒತ್ತಿದರು. ಅಪಾಯದ ಹೊತ್ತಿನಲ್ಲಿ ಯಂತ್ರ ತಕ್ಷಣ ನಿಲ್ಲಬೇಕು ಎಂಬುದು ನಿಯಮ, ನಿಂತೇ ನಿಂತಿತು. ಪ್ರಾಣ ಹೋದ ಹಾಗೆ ಮಣಿಕಟ್ಟು ಜೋತುಬಿತ್ತು, ತುದಿಯ ಸೌಟು ಬೋರಲಾಯಿತು, ಅದರಲ್ಲಿದ್ದದ್ದೆಲ್ಲ ಕೆನೆಬಣ್ಣದ ಟೈ ಮೇಲೆ ಇಳಿಯಿತು. ಬಾಗಿಲ ಬಳಿ ನಿಂತಿದ್ದ ಗಾಲಿ ನೆಲಕ್ಕೆ ಬಿದ್ದ ಸೂಪನ್ನು ನೋಡಿ ಮನಸಾರೆ ನೊಂದುಕೊಂಡ.

“ಊಟ ಆದ್ಮೇಲೆ ಇನ್ನೊಂದು ಸಲ ನೋಡೋಣ,” ಎಂದು ಪರೀಕ್ಷಕರು ಟೈ ಬಿಚ್ಚುತ್ತಾ ಎದ್ದರು. “ಉಣ್ಣೋನು ಸಾಕು ಅಂದಾಗ ನಿಲ್ಲೋ ಯಂತ್ರ ಬೇಕು ನನಗೆ. ನಿಲ್ಲಲಿಲ್ಲ ಅಂದ್ರೆ ಫೇಲು.”

ಉಳಿದಿದ್ದದ್ದು ಊಟದ ವಿರಾಮ ಮಾತ್ರ. ಸೌಟು ಊಟ ಬಿಟ್ಟು ದೊಡ್ಡಮ್ಮನ ವಿಡಿಯೊಗಳ ಮುಂದೆ ಕೂತಳು. ಮೀನು ಪಕ್ಕದಲ್ಲಿ ಕೂತು ಒಂದೊಂದೇ ‘ಸಾಕು’ ಹುಡುಕಿಕೊಟ್ಟಳು. ದೊಡ್ಡಪ್ಪ ‘ಸಾಕು’ ಅನ್ನುತ್ತಾರೆ, ದೊಡ್ಡಮ್ಮ ಇನ್ನೊಂದು ಸೌಟು ಹಾಕುತ್ತಾರೆ. ಅಣ್ಣ ‘ಸಾಕಮ್ಮಾ’ ಅನ್ನುತ್ತಾನೆ, ಇನ್ನೊಂದು ಸೌಟು. ನೆಂಟರೊಬ್ಬರು ‘ಸಾಕು ಸಾಕು’ ಎಂದು ಎರಡು ಸಲ ಅನ್ನುತ್ತಾರೆ, ಎರಡು ಸೌಟು. ಕೈ ಅಡ್ಡ ಹಿಡಿದವರ ಕೈ ಸರಿಯುವವರೆಗೆ ದೊಡ್ಡಮ್ಮ ಬೇರೆ ಕಡೆ ನೋಡುವಂತೆ ನಟಿಸುತ್ತಾರೆ, ಆಮೇಲೆ ಇನ್ನೊಂದು ಸೌಟು. ತಿಂಗಳುಗಟ್ಟಲೆ ಹೀಗೇ.

“ಅಯ್ಯೋ ಶಿವನೇ!” ಎಂದಳು ಮೀನು. “ನಿಮ್ಮನೇಲಿ ಸಾಕು ಅಂದ್ರೆ ಬೇಕು ಅಂತ ಕಣೇ!”

ಸೌಟುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತೋಳಪ್ಪ ಒಂದಿಷ್ಟೂ ತಪ್ಪು ಮಾಡಿರಲಿಲ್ಲ. ತೋರಿಸಿದ್ದನ್ನು ಅಕ್ಷರಶಃ ಕಲಿತಿತ್ತು. ಅದೇ ಮೇಜಿನ ಮುಂದೆ ಎರಡೂವರೆ ವರ್ಷ ಕೂತು, ‘ಸಾಕು’ ಅಂದು ಅಂದು, ಹಾಕಿದ್ದನ್ನೆಲ್ಲ ಉಂಡು ಎದ್ದವಳು ತಾನು. ಆದರೂ ಕಿವಿಗೆ ಬಿದ್ದಿರಲಿಲ್ಲ. ಆ ಪೇಚಿನಲ್ಲೇ ಮನೆಗೆ ಫೋನು ಮಾಡಿದಳು.

“ದೊಡ್ಡಮ್ಮಾ, ನಿನ್ನ ಕೈ ನನ್ನನ್ನ ಮುಳುಗಿಸ್ತು!”

ಏನಾಯಿತೆಂದು ಪೂರ್ತಿ ಕೇಳುವಷ್ಟು ಪುರುಸೊತ್ತು ದೊಡ್ಡಮ್ಮನಿಗೆ ಇರಲಿಲ್ಲ. ಮುಳುಗಿತು ಅಂದದ್ದಷ್ಟೇ ಕೇಳಿಸಿತು. ಇತ್ತ ಮೇಷ್ಟ್ರು ಸೌಟುವಿನ ಕುರ್ಚಿಯ ಹಿಂದೆ ಬಂದು ನಿಂತರು.

“ಕಲಿತಿದ್ದು ಕಲಿತುಕೊಂಡಿರಲಿ. ನೀನು ಪ್ರೋಗ್ರಾಮಲ್ಲಿ ಮೇಲೊಂದು ಸಾಲು ಬರೆದುಬಿಡು. ಸಾಕು ಅಂತ ಕೇಳಿದ ಕೂಡ್ಲೇ ನಿಲ್ಲು, ಅಷ್ಟೇ. ಯಾರು ನೋಡ್ತಾರೆ?”

“ಅರ್ಥ ಹೇಳಿಕೊಟ್ಟ ಹಾಗಾಯ್ತಲ್ಲ ಸಾರ್? ಮೂರನೇ ಅಧ್ಯಾಯ?”

“ತೋಳು ಬೇಕೋ ಅಧ್ಯಾಯ ಬೇಕೋ?”

ಸೌಟು ಆ ಒಂದು ಸಾಲು ಬರೆದಳು. ತೋಳಪ್ಪ ಉಳಿದರೆ ಸಾಕು ಎಂಬ ಒಂದೇ ಯೋಚನೆ ಇತ್ತು.

ಮಧ್ಯಾಹ್ನ ಎಲ್ಲರೂ ಸೇರಿ ಇನ್ನೇನು ಶುರುಮಾಡಬೇಕು ಎನ್ನುವಾಗ ಬಾಗಿಲಲ್ಲಿ ದೊಡ್ಡಮ್ಮ ಕಾಣಿಸಿಕೊಂಡರು. ಬಸ್ಸಿಳಿದು ಓಡಿಬಂದ ಏದುಸಿರು, ಒಂದು ಕಾಲಿಗೆ ಅವರ ಚಪ್ಪಲಿ, ಇನ್ನೊಂದಕ್ಕೆ ದೊಡ್ಡಪ್ಪನದು.

“ಯಾರೇ ಮುಳುಗಿದ್ದು?”

ಸೌಟು ಅವರನ್ನು ಮೂಲೆಗೆ ಕರೆದೊಯ್ದು ವಿಷಯ ಹೇಳಿದಳು. ದೊಡ್ಡಮ್ಮ ಕೇಳಿ ಕೇಳಿ ಮೂಗಿನ ಮೇಲೆ ಬೆರಳಿಟ್ಟರು.

“ನಾನಾ? ಬಲವಂತ ಮಾಡೋಳಾ? ಯಾರಾದ್ರೂ ಒಂದು ಸಲ ಸಾಕು ಅಂದ್ರೆ ಅಲ್ಲಿಗೆ ನಿಲ್ಲಿಸಿಬಿಡ್ತೀನಿ ಕಣೇ ನಾನು! ಬೇಕಾದ್ರೆ ನಿಮ್ಮ ದೊಡ್ಡಪ್ಪನ್ನ ಕೇಳು. ಬಲವಂತ ಮಾಡೋಳು ನಿಮ್ಮಮ್ಮ.”

“ವಿಡಿಯೊ ಇದೆ ದೊಡ್ಡಮ್ಮ.”

“ಅದರಲ್ಲಿ ಏನೋ ದೋಷ ಇರತ್ತೆ, ಬಿಡು. ನೀನು ಊಟ ಮಾಡಿದ್ಯಾ?”

“ನೀನು?”

“ನಂದಾಯ್ತು ನಂದಾಯ್ತು.”

ಪರೀಕ್ಷಕರು ಆ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದಿದ್ದರು. ಈ ಸಲ ತಾವು ಆ ಕುರ್ಚಿಯಲ್ಲಿ ಕೂರುವುದಿಲ್ಲ. ತಮ್ಮ ಹೊಟ್ಟೆಯಲ್ಲೂ ಜಾಗವಿಲ್ಲ, ಅಂಗಿಯಲ್ಲೂ ಜಾಗವಿಲ್ಲ. ಯಂತ್ರದ ಮುಂದೆ ಈವರೆಗೆ ಕೂತಿರದ ಯಾರಾದರೂ ಬೇಕು ಎಂದರು. ಅಂಥವರು ಅಲ್ಲಿ ಒಬ್ಬರೇ ಇದ್ದರು.

ದೊಡ್ಡಮ್ಮ ಕುರ್ಚಿಯ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದು ಯಾರಿಗಾದರೂ ಏನಾದರೂ ತಂದುಕೊಡಬೇಕಾಗಬಹುದು ಎನ್ನುವ ಹಾಗೆ ಕೂತರು. ತೋಳಪ್ಪ ಬಾಗಿ, ಎತ್ತಿ, ಅಂಚಿಗೆ ತಾಗಿಸಿ, ಬಟ್ಟಲಿಗೆ ಒಂದು ಸೌಟು ಸುರಿಯಿತು.

“ಅರೆ, ನನ್ನ ಥರಾನೇ ಮಾಡತ್ತಲ್ಲೇ!” ಎಂದು ದೊಡ್ಡಮ್ಮನ ಮುಖ ಅರಳಿತು. ಆಮೇಲೆ ಎಲ್ಲರೂ ನೋಡುತ್ತಿದ್ದಾರೆಂದು ನೆನಪಾಗಿ, “ಸಾಕು,” ಎಂದರು.

ತೋಳಪ್ಪ ನಿಂತಿತು. ಮೊಣಕೈ ಮಡಚಿ, ಸೌಟನ್ನು ಪಾತ್ರೆಯ ಪಕ್ಕ ಇಟ್ಟು, ತೆಪ್ಪಗಾಯಿತು.

ಮೇಷ್ಟ್ರು ಮೊದಲು ಚಪ್ಪಾಳೆ ತಟ್ಟಿದರು. ಗಾಲಿ, ಮೀನು ಎಲ್ಲರೂ ತಟ್ಟಿದರು. ಸೌಟುವಿಗೆ ಕಣ್ಣು ಮಂಜಾಗುವಷ್ಟು ಸಂತೋಷವಾಯಿತು. ದೊಡ್ಡಮ್ಮ ಮಾತ್ರ ಚಪ್ಪಾಳೆಯ ನಡುವೆ ತೋಳಪ್ಪನನ್ನೇ ನೋಡುತ್ತಿದ್ದರು. ಇನ್ನೊಂದು ಗಳಿಗೆ ನೋಡಿದರು. ಆಮೇಲೆ ಬಗ್ಗಿ ಸೂಪು ಕುಡಿದರು. ಕುಡಿದು, ಚಮಚದಲ್ಲಿ ಬಟ್ಟಲಿನ ತಳ ಕೆರೆದರು. ಅಂಚು ಕೆರೆದರು. ಕೆರೆದದ್ದಕ್ಕೆ ಏನೂ ಸಿಗದಿದ್ದರೂ ಚಮಚ ಬಾಯಿಗಿಟ್ಟರು.

ಪರೀಕ್ಷಕರು ಪೆನ್ನು ತೆಗೆದು, ನಿಯಮದ ಪ್ರಕಾರ ಕೇಳಬೇಕಾದ್ದನ್ನು ಕೇಳಿದರು.

“ತಾಯೀ, ನಿಮಗೆ ಸಾಕಾದಾಗ ಯಂತ್ರ ನಿಲ್ತಾ?”

“ಹೂಂ, ನಿಲ್ತು. ತುಂಬಾ ಒಳ್ಳೇ ಯಂತ್ರ. ನಮ್ಮ ಹುಡುಗಿ ರಾತ್ರಿ ಹಗಲು ಒಂದು ಮಾಡಿ ಮಾಡಿದಾಳೆ. ಹೊಟ್ಟೆ ತುಂಬಿಹೋಯ್ತು ನನಗೆ.”

ಅವರು ಹೇಳುತ್ತಿದ್ದದ್ದು ಸುಳ್ಳು. ಸೌಟುವಿಗೆ ಅದು ಅವರ ಕಾಲಿನ ಎರಡು ಬಗೆಯ ಚಪ್ಪಲಿ ಕಂಡಷ್ಟೇ ಸ್ಪಷ್ಟವಾಗಿ ಕಂಡಿತು. ಮನೆಯಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ಕೊನೆಯಲ್ಲಿ ಅಡುಗೆಮನೆಯಲ್ಲಿ ನಿಂತುಕೊಂಡು ಉಳಿದದ್ದನ್ನು ಉಣ್ಣುವವರು ದೊಡ್ಡಮ್ಮ. ಇವತ್ತು ಆ ಉಳಿದದ್ದನ್ನೂ ಬಿಟ್ಟು ಬಸ್ಸು ಹತ್ತಿದ್ದಾರೆ. ಆ ತಿಂಗಳುಗಟ್ಟಲೆಯ ವಿಡಿಯೊಗಳಲ್ಲಿ ಎಲ್ಲರೂ ‘ಸಾಕು’ ಅಂದಿದ್ದರು, ಅನ್ನದೇ ಇದ್ದವರು ಇವರೊಬ್ಬರೇ. ಇವರಿಗೆ ಯಾರೂ ಬಡಿಸಿರಲಿಲ್ಲವಲ್ಲ, ಅನ್ನುವುದಾದರೂ ಯಾರಿಗೆ? ಬದುಕಿನಲ್ಲಿ ಇವತ್ತು ಒಂದು ಸಲ ಕೂತುಕೊಂಡು ‘ಸಾಕು’ ಅಂದರು, ತಾನು ಬರೆದ ಆ ದರಿದ್ರ ಸಾಲು ಅದನ್ನು ನಿಜ ಎಂದುಕೊಂಡುಬಿಟ್ಟಿತು. ಸೌಟುವಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಸುಮ್ಮನಿದ್ದರೆ ಪಾಸು, ತೋಳಪ್ಪ ಉಳಿಯುತ್ತದೆ. ಪೆನ್ನು ಕಾಗದ ಮುಟ್ಟಿತ್ತು.

“ಸಾರ್, ಅವರಿಗೆ ಹೊಟ್ಟೆ ತುಂಬಿಲ್ಲ,” ಎಂದುಬಿಟ್ಟಳು.

ಮೇಷ್ಟ್ರು ಹಣೆ ಹಿಡಿದುಕೊಂಡರು. ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿದರು.

“ನಿಮಗೆ ಹೇಗೆ ಗೊತ್ತು?”

“ಅವರು ಸಾಕು ಅಂದ್ರಲ್ಲ ಸಾರ್. ಅದಕ್ಕೇ.”

“ಏ, ಸುಮ್ನಿರೇ!” ಎಂದು ದೊಡ್ಡಮ್ಮ ಕಣ್ಣು ಬಿಟ್ಟರು.

ಸೌಟು ಸುಮ್ಮನಿರಲಿಲ್ಲ. ಬೆಳಗ್ಗೆ ಏನಾಯಿತು, ತೋಳಪ್ಪ ಯಾರಿಂದ ಏನು ಕಲಿತಿದೆ, ಊಟದ ವಿರಾಮದಲ್ಲಿ ತಾನು ಏನು ಬರೆದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕಂಪ್ಯೂಟರಿನ ಮುಂದೆ ಕೂತು ಆ ಸಾಲನ್ನು ಅಳಿಸಿಹಾಕಿದಳು. ತೋಳಪ್ಪ ಮೊಣಕೈ ಬಿಚ್ಚಿತು. ಬಾಗಿ, ಎತ್ತಿ, ತಾಗಿಸಿ, ದೊಡ್ಡಮ್ಮನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿತು.

“ಅಯ್ಯೋ, ಸಾಕು!” ಎಂದರು ದೊಡ್ಡಮ್ಮ.

ಮತ್ತೊಂದು ಹಾಕಿತು. ದೊಡ್ಡಮ್ಮ ಕುಡಿದರು. ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು, ಬೆನ್ನು ಆನಿಸಿ ಕೂತರು. ಯಾರನ್ನೂ ನೋಡಲಿಲ್ಲ.

“ಸಾಕು ಕಣೋ,” ಎಂದರು ತೋಳಪ್ಪನಿಗೆ, ಮನೆಯವರೊಬ್ಬರಿಗೆ ಹೇಳುವ ಹಾಗೆ.

ಇನ್ನೊಂದು ಬಂತು. ಅದನ್ನೂ ಕುಡಿದು ಮುಗಿಸಿ ಬಟ್ಟಲು ಕೆಳಗಿಟ್ಟು, “ಸಾಕು,” ಎಂದರು.

ಎಲ್ಲರೂ ಇನ್ನೊಂದು ಸೌಟಿಗೆ ಕಾದರು. ಮೇಷ್ಟ್ರ ಬೆರಳು ಕೆಂಪು ಗುಂಡಿಯ ಮೇಲೇ ಇತ್ತು. ತೋಳಪ್ಪ ಬಾಗಲಿಲ್ಲ. ಮೊಣಕೈ ಮಡಚಿ, ಸೌಟನ್ನು ಪಾತ್ರೆಯ ಪಕ್ಕಕ್ಕೆ ಇಟ್ಟು, ತಾನಾಗಿಯೇ ನಿಂತಿತು. ಅದೇ ಪದ, ಅದೇ ಬಾಯಿ. ಯಾವ ಸಾಲೂ ಅದಕ್ಕೆ ನಿಲ್ಲು ಎಂದು ಹೇಳಿರಲಿಲ್ಲ. ಪರೀಕ್ಷಕರು ಎದ್ದುಬಂದು ತೋಳನ್ನು ಮುಟ್ಟಿ ನೋಡಿದರು, ಕೆಟ್ಟುಹೋಗಿದೆಯೇನೋ ಎಂದು. ಕೆಟ್ಟಿರಲಿಲ್ಲ.

“ಯಾಕೆ ನಿಲ್ತು?”

“ಗೊತ್ತಿಲ್ಲ ಸಾರ್,” ಎಂದಳು ಸೌಟು. ಅವಳ ಕಣ್ಣು ತೋಳಪ್ಪನ ಮೇಲೇ ನೆಟ್ಟಿತ್ತು. “ಇದು ನಿಜವಾದ ಸಾಕು ಅಂತ ಅದಕ್ಕೆ ಹೇಗೋ ಗೊತ್ತಾಗಿದೆ. ನನಗೆ ಗೊತ್ತಿಲ್ಲದೇ ಇರೋದನ್ನ ಏನೋ ದೊಡ್ಡಮ್ಮನ ಕೈಯಿಂದ ಕಲಿತುಬಿಟ್ಟಿದೆ.”

“ದೊಡ್ಡಮ್ಮನವರೇ, ನಿಮಗೇನಾದ್ರೂ ಗೊತ್ತಾ?” ಎಂದು ಪರೀಕ್ಷಕರು ಅತ್ತ ತಿರುಗಿದರು.

“ನನಗೇನು ಗೊತ್ತಪ್ಪಾ? ನಾನು ಸಾಕು ಅಂದೆ, ಅದು ನಿಲ್ಲಿಸ್ತು.”

ಪರೀಕ್ಷಕರು ಬಹಳ ಹೊತ್ತು ಪೆನ್ನಿನಿಂದ ಗಲ್ಲ ಬಡಿದುಕೊಂಡರು. ಆಮೇಲೆ ಕಾಗದದ ಮೇಲೆ ಬರೆದು, ಅದನ್ನು ಗಟ್ಟಿಯಾಗಿ ಓದಿದರು. ಪಾಸೂ ಅಲ್ಲ, ಫೇಲೂ ಅಲ್ಲ. ತೋಳು ಸೌಟುವಿನ ಬಳಿಯೇ ಇರಬೇಕು, ಯಾವ ಬ್ಯಾಚಿಗೂ ಕೊಡಕೂಡದು. ಅದು ಯಾಕೆ ನಿಂತಿತು ಎಂದು ಅವಳು ಕಂಡುಹಿಡಿಯಬೇಕು. ಅದಕ್ಕಾಗಿ ಇನ್ನೊಂದು ಸೆಮಿಸ್ಟರ್.

ಸೌಟುವಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇಳಿದ ಕಲ್ಲು ನೇರವಾಗಿ ತಲೆಯ ಮೇಲೆ ಕೂತಿತು.

“ಸಾಕು ಸಾರ್,” ಎಂದಳು. “ಎರಡೂವರೆ ವರ್ಷ ಆಯ್ತು. ಸಾಕು!”

“ಇನ್ನೊಂದೇ ಒಂದು,” ಎಂದರು ಪರೀಕ್ಷಕರು, ಸಹಿ ಹಾಕುತ್ತಾ.

ದೊಡ್ಡಮ್ಮನನ್ನು ಬಸ್ಸಿಗೆ ಹತ್ತಿಸಲು ಸೌಟು ಜೊತೆಯಲ್ಲಿ ನಡೆದಳು. ಎರಡು ಬಗೆಯ ಚಪ್ಪಲಿಯಲ್ಲಿ ಒಂದು ಚಟಪಟ, ಒಂದು ಸರಬರ ಎನ್ನುತ್ತಿತ್ತು. ಗೇಟು ದಾಟಿದ ಮೇಲೆ ದೊಡ್ಡಮ್ಮ ಕೇಳಿದರು.

“ಅಲ್ಲಾ, ಕೊನೆಗೆ ಏನಂದ್ರೇ ಆ ಕಡ್ಡಿ ಮನುಷ್ಯ? ಪಾಸಾ, ಫೇಲಾ?”

“ಇನ್ನೊಂದು ಸೆಮಿಸ್ಟರ್ ಹಾಕಿದ್ರು ದೊಡ್ಡಮ್ಮ.”

“ಮತ್ತೆ ನೀನು ಸಾಕು ಅನ್ನಬಾರದಾಗಿತ್ತಾ?”

“ಅಂದೆ.”

“ಅಂದ್ಯಾ?” ದೊಡ್ಡಮ್ಮ ನಡುರಸ್ತೆಯಲ್ಲೇ ನಿಂತು ಅವಳನ್ನು ನೋಡಿದರು. “ಹುಚ್ಚುಡುಗಿ! ಹಾಗಂದ್ರೆ ಹಾಕದೇ ಬಿಡ್ತಾರಾ ಯಾರಾದ್ರೂ?”